ತಕ್ಕಡಿ ತಾನೇ ತೂಗಿದ ಕಲ್ಲು

ಹರಿಹರದ ಪರೀಕ್ಷಾ ಬಯಲಿನಲ್ಲಿ ನಡೆದ ತಪ್ಪಿನ ಫಲವನ್ನು ಉಂಡವರು ದಾವಣಗೆರೆಯ ವಿನೋಬನಗರದ ಶಮೀಮ್ ಬಾನು. ತಪ್ಪು ಅಂಕಿಪಟ್ಟಿಯನ್ನು ಆರಿಸಿದ ಎಂಜಿನಿಯರಿಗೆ ಒಂದು ದಿನದ ಕೆಲಸವೂ ತಪ್ಪಲಿಲ್ಲ. ಅದನ್ನು ಒಪ್ಪಿದ ನಿರ್ದೇಶಕರ ಕುರ್ಚಿ ಅಲುಗಲಿಲ್ಲ. ಬಯಲು ಸರಿಯಿದೆ ಎಂದ ವರದಿಯ ಕೆಳಗೆ ಸಹಿ ಹಾಕಿದ ಐವರಲ್ಲಿ ನಾನೂ ಒಬ್ಬಳು. ನಾನು ಎಂದಿನಂತೆ ವಿದ್ಯಾನಗರದ ಕಾಲೇಜಿಗೆ ಹೋಗಿ ಭೌತಶಾಸ್ತ್ರದ ಪಾಠ ಹೇಳಿ ಬಂದೆ. ಶಮೀಮ್ ಅವರನ್ನು ಮಾತ್ರ ಹನ್ನೊಂದು ವರ್ಷ ಕೂತಿದ್ದ ಬೆಸುಗೆಯ ಮೇಜಿನಿಂದ ಎಬ್ಬಿಸಿ, ರಟ್ಟಿನ ಡಬ್ಬಿಗಳಿಗೆ ಅಂಟುಪಟ್ಟಿ ಹಚ್ಚುವ ಮೂಲೆಗೆ ಕಳಿಸಲಾಯಿತು.

ಇದನ್ನು ಮೊದಲೇ ಹೇಳಿಬಿಡಬೇಕು. ಆ ಮಳೆಗಾಲವನ್ನು ನೆನೆದಾಗ ಈಗ ನನಗೆ ನೆಮ್ಮದಿಯೇ ಹೆಚ್ಚು. ನೆಮ್ಮದಿ ಬಂದವರು ಹೆಸರುಗಳನ್ನು ಬೇಗ ಮರೆಯುತ್ತಾರೆ.

ಕಳೆದ ವಾರ ಹರಿಹರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಬಿಸಿಲಿಗೆ ಕಾದಿದ್ದ ತಗಡಿನ ಮಾಡಿನ ಮೇಲೆ ನಾಲ್ಕು ಹನಿ ಬಿದ್ದು ನಿಂತವು. ಕಾದ ಸತುವು ನೆನೆದಾಗ ಏಳುವ, ನಾಲಿಗೆಯ ಮೇಲೆ ನಾಣ್ಯವಿಟ್ಟಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೂರು ವರ್ಷದ ಹಿಂದಿನ ಆಷಾಢದ ಗಾಳಿ ಸೆರಗಿನೊಳಗೆ ಹೊಕ್ಕಂತಾಯಿತು. ಬಸ್ಸು ಬಂದು ಹೋಯಿತು. ನಾನು ಇನ್ನೊಂದಕ್ಕೆ ಕಾದೆ.

ತುಂಗಭದ್ರೆಯ ದಡದಿಂದ ತುಸು ದೂರ, ಕೈಗಾರಿಕಾ ವಸಾಹತಿನ ಕೊನೆಯಲ್ಲಿ, ಸಣ್ಣ ಉದ್ದಿಮೆಗಳಿಗೆಂದು ಕಟ್ಟಿದ ಒಂದು ಸಾಮೂಹಿಕ ಪರೀಕ್ಷಾ ಕೇಂದ್ರವಿದೆ. ಅದರ ಹಿತ್ತಲಿನಲ್ಲಿ ನೆಲಕ್ಕೆ ಸತುವು ಲೇಪಿಸಿದ ಕಬ್ಬಿಣದ ತಗಡು ಹಾಸಿದ ಬಯಲು. ಬಯಲಿನ ಒಂದು ತುದಿಗೆ ತಿರುಗುವ ವೃತ್ತಾಕಾರದ ವೇದಿಕೆ. ಅದರಿಂದ ಮೂರು ಮೀಟರ್ ದೂರಕ್ಕೆ ಆಂಟೆನಾ ಏರಿಸಿ ಇಳಿಸುವ ಮರದ ಕಂಬ. ವಿದ್ಯುತ್ತಿನಿಂದ ನಡೆಯುವ ಯಂತ್ರಗಳು ತಮಗೆ ಬೇಕಿಲ್ಲದ ರೇಡಿಯೋ ಅಲೆಗಳನ್ನು ಸುತ್ತಲೂ ಚೆಲ್ಲುತ್ತವೆ. ಅದು ಅತಿಯಾದರೆ ಪಕ್ಕದ ಮನೆಯ ರೇಡಿಯೋ ಗೊರಗುಟ್ಟುತ್ತದೆ, ಆಸ್ಪತ್ರೆಯ ಉಪಕರಣ ತಪ್ಪು ಓದುತ್ತದೆ. ಯಾವ ಯಂತ್ರ ಎಷ್ಟು ಚೆಲ್ಲುತ್ತದೆಂದು ಅಳೆಯುವ ಜಾಗ ಅದು. ನಾನು ಅಲ್ಲಿನ ಪರಿಶೀಲನಾ ಸಮಿತಿಯಲ್ಲಿ ಬಳಕೆದಾರರ ಪ್ರತಿನಿಧಿ. ನಗರದ ನಾಗರಿಕ ವೇದಿಕೆಯೊಂದರಿಂದ, ಹಟ ಹಿಡಿದು, ಪತ್ರದ ಮೇಲೆ ಪತ್ರ ಬರೆದು ಗಳಿಸಿದ ಸ್ಥಾನ. ಗಳಿಸಿದ ಮೇಲೆ ಅದರಲ್ಲಿ ಏನು ಮಾಡಿದೆ ಎಂಬುದೇ ಈ ಬರಹದ ನಾಚಿಕೆಯ ಭಾಗ.

ಕೊಟ್ರೇಶಪ್ಪನವರ ಘಟಕ ವಿನೋಬನಗರದ ಎರಡು ಅಂತಸ್ತಿನ ಕಟ್ಟಡದಲ್ಲಿದೆ. ಹೊಲಿಗೆ ಯಂತ್ರದ ಮೋಟರಿಗೆ ವೇಗ ನಿಯಂತ್ರಕ ತಯಾರಿಸುತ್ತಾರೆ, ಅಂಗೈಯಗಲದ ಡಬ್ಬಿ. ಏಳು ಮಂದಿ ಹೆಂಗಸರು ಕೂತು ಅದರೊಳಗಿನ ಸರ್ಕ್ಯೂಟ್ ಫಲಕಗಳಿಗೆ ಬಿಡಿಭಾಗಗಳನ್ನು ಬೆಸೆಯುತ್ತಾರೆ. ಆ ಆಷಾಢದಲ್ಲಿ ಹೊಸ ಮಾದರಿ ಹರಿಹರದ ಪರೀಕ್ಷೆಯಲ್ಲಿ ಅನುತ್ತೀರ್ಣವಾಯಿತು. ಕೇಂದ್ರದ ವರದಿಯ ಕೊನೆಯ ಸಾಲಿನಲ್ಲಿ ಹೀಗಿತ್ತು: ಸಂಭಾವ್ಯ ಕಾರಣ, ನಾಲ್ಕನೇ ಮೇಜಿನ ಕಳಪೆ ಬೆಸುಗೆ. ಅಳೆಯುವವರ ಕೆಲಸ ಅಳೆಯುವುದು. ಕಾರಣವನ್ನು ಊಹಿಸಿ ಬರೆಯಲು ಅವರಿಗೆ ಅಧಿಕಾರ ಕೊಟ್ಟವರು ಯಾರು? ಇದು ಮೊದಲ ಅನ್ಯಾಯ. ಫಲಕಗಳ ಮೇಲೆ ಮೇಜಿನ ಸಂಖ್ಯೆ ಅಚ್ಚಾಗಿರುತ್ತದೆ. ನಾಲ್ಕನೇ ಮೇಜು ಶಮೀಮ್ ಅವರದು. ಒಂದು ಮಾತನ್ನೂ ಕೇಳದೆ ಕೊಟ್ರೇಶಪ್ಪನವರು ಅವರನ್ನು ಎಬ್ಬಿಸಿದ್ದು ಎರಡನೆಯದು.

ವಿಷಯ ನನಗೆ ತಿಳಿದದ್ದು ಶಮೀಮ್ ಅವರೇ ಕಾಲೇಜಿಗೆ ಬಂದಾಗ. ಕೈಯಲ್ಲಿ ಮೂರು ಫಲಕಗಳು, ಮೂರು ಪರೀಕ್ಷೆಯ ನಕ್ಷೆಗಳು.

"ನೀವು ಆ ಕಮಿಟ್ಯಾಗ ಅದೀರಂತ, ಹೌದಲ್ರೀ ಮೇಡಂ?"

"ಹೌದು, ಕೂಡ್ರಿ."

"ಕೂಡಾಕ ಬಂದಿಲ್ರೀ. ಇದನ್ನ ನೋಡ್ರಿ. ಮೊದಲ್ನೇದು ನಾನು ಮಾಡಿದ್ದು. ಎರಡನೇದು ನಮ್ಮ ಗಿರಿಜಾ ಮಾಡಿದ್ದು, ನನ್ ಮೇಜಿನ ನಂಬರ್ ಹಾಕಿ ಕಳಿಸಿದ್ವಿ. ಮೂರನೇದು ಮನ್ಯಾಗ ಕುಂತು ನಾನೇ ಮತ್ತ ಮಾಡಿದೆ, ಎರಡು ದಿನ ತಗೊಂಡು, ಬಿಡಿಭಾಗದ ಒಂದೊಂದು ಕಾಲೂ ಕನ್ನಡಕ ಹಾಕ್ಕೊಂಡು ನೋಡಿ. ಮೂರಕ್ಕೂ ಒಂದೇ ಜಾಗದಾಗ ಒಂದೇ ಗೂನು ಬಂದೈತೆ. ಕೈ ಬ್ಯಾರೆ ಆದ್ರೂ ತಪ್ಪು ಒಂದೇ ಹೆಂಗೆ ಆಗ್ತೈತೆ?"

ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ನಿಜ. ಗೂನಿನ ಮೇಲೆ ಗೂನು ಅಚ್ಚೊತ್ತಿದಂತೆ ಕೂತಿತ್ತು.

"ನನಗ ಆ ಮೇಜು ವಾಪಸ್ ಬೇಕ್ರಿ," ಎಂದರು ಶಮೀಮ್. "ಪಗಾರ ಅಷ್ಟೇ ಕೊಡ್ತಾರ, ಅದಲ್ಲ. ಅಂಟು ಹಚ್ಚಾಕ ನನ್ ಕೈ ಬೇಕಾ? ಅಬ್ಬಾನ ಮುಂದ ಹೇಳಾಕ ಆಗವಲ್ದು. ಅವರು ಜೀವಮಾನ ಪೂರ್ತಿ ಒಂದು ಗುಂಜಿ ತೂಕ ತಪ್ಪಿಲ್ಲ, ಮಗಳ ಕೈ ಕಳಪೆ ಅಂತ ಬರದಾರ ಅಂದ್ರ ಹೆಂಗೆ?"

ಮರುದಿನವೇ ಹರಿಹರಕ್ಕೆ ಹೋದೆ. ಆಷಾಢದಲ್ಲಿ ನಮ್ಮ ಕಡೆ ಮಳೆ ಕಡಿಮೆ, ಗಾಳಿ ಜಾಸ್ತಿ. ಮಳೆ ಸುರಿಯುವುದು ಮೇಲೆಲ್ಲೋ, ಹೊಳೆ ತುಂಬುವುದು ಇಲ್ಲಿ. ಒಣಗಿದ ದಡಗಳ ನಡುವೆ ಕೆಂಪು ನೀರು ಯಾರದೋ ಊರಿನ ಕಸಕಡ್ಡಿ ಹೊತ್ತು ಹರಿಯುತ್ತಿತ್ತು. ಬಯಲಿನ ಕಂಬ ಗಾಳಿಗೆ ತೂಗುತ್ತಿತ್ತು. ಎಂಜಿನಿಯರ್ ವೀರೇಶ ಅದಕ್ಕೆ ಹಗ್ಗ ಬಿಗಿದು, ಶೆಡ್ಡಿನ ಮರೆಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು.

"ಬರ್ರಿ ಮೇಡಂ, ಮಿರ್ಚಿ ಬಿಸಿ ಐತೆ. ಮಂಡಕ್ಕಿ ಅರ್ಧ ಗಾಳಿ ತಿಂದೈತೆ, ಉಳಿದದ್ದು ನಮ್ದು."

ವೀರೇಶರನ್ನು ಕೆಟ್ಟವರೆಂದು ನಾನು ಯಾವತ್ತೂ ಹೇಳಲಾರೆ. ತಗಡಿನ ಒಂದೊಂದು ಮೊಳೆಯನ್ನೂ ಬಲ್ಲವರು. ಬಯಲು ಸರಿಯಿದೆಯೇ ಎಂದು ಪರೀಕ್ಷಿಸಿದ ಹಿಂದಿನ ವರ್ಷದ ಕಡತ ಕೇಳಿದಾಗ ಯಾವ ಮುಚ್ಚುಮರೆಯೂ ಇಲ್ಲದೆ ತಂದು ಮುಂದಿಟ್ಟರು.

ಆ ಪರೀಕ್ಷೆಯ ಕ್ರಮ ಸರಳ. ವೇದಿಕೆಯ ಮೇಲೆ ಒಂದು ಆಂಟೆನಾ, ಕಂಬದ ಮೇಲೆ ಇನ್ನೊಂದು. ಒಂದರಿಂದ ಗೊತ್ತಿರುವಷ್ಟು ಅಲೆ ಕಳಿಸಬೇಕು, ಇನ್ನೊಂದರಲ್ಲಿ ಎಷ್ಟು ತಲುಪಿತೆಂದು ನೋಡಬೇಕು. ದೋಷವಿಲ್ಲದ ಬಯಲಿನಲ್ಲಿ ದಾರಿಯಲ್ಲಿ ಎಷ್ಟು ನಷ್ಟವಾಗಬೇಕೆಂದು ಲೆಕ್ಕ ಹೇಳುತ್ತದೆ. ಅಳತೆ ಆ ಲೆಕ್ಕದಿಂದ ನಾಲ್ಕು ಡೆಸಿಬೆಲ್ ಒಳಗೆ ಇದ್ದರೆ ಬಯಲು ಉತ್ತೀರ್ಣ. ಆದರೆ ಆಂಟೆನಾಗಳಿಗೂ ಅವುಗಳದೇ ಸ್ವಭಾವವಿದೆ. ಅಲೆಯ ಒಂದು ಕಂಪನಾಂಕದಲ್ಲಿ ಚುರುಕು, ಇನ್ನೊಂದರಲ್ಲಿ ಮಂದ. ಆ ಸ್ವಭಾವವನ್ನು ಕಂಪನಾಂಕಕ್ಕೊಂದರಂತೆ ಬರೆದಿಟ್ಟ ಅಂಕಿಪಟ್ಟಿಯನ್ನು ಅಳತೆಯಿಂದ ಕಳೆಯಬೇಕು. ಕಳೆದಾಗ ಉಳಿಯುವುದು ಬಯಲಿನ ಗುಣ. ಯಾವ ಪಟ್ಟಿಯನ್ನು ಕಳೆಯಬೇಕೆಂದು ಆರಿಸುವುದರಲ್ಲೇ ಎಲ್ಲವೂ ಇದೆ.

ಕಡತದಲ್ಲಿ ಮೂರು ಪಟ್ಟಿಗಳಿದ್ದವು.

"ಇದು ಕಂಪನಿ ಕೊಟ್ಟಿದ್ದು," ಎಂದರು ವೀರೇಶ. "ಸುತ್ತಮುತ್ತ ಏನೂ ಇಲ್ದಂಗ, ಆಕಾಶದಾಗ ನೇತಾಡೋ ಆಂಟೆನಾದ್ದು. ನಮ್ದು ತಗಡಿನ ಮ್ಯಾಲೆ ನಿಂತಿರ್ತೈತೆ, ತಗಡು ಅದಕ್ಕ ಕನ್ನಡಿ ಇದ್ದಂಗ. ತನ್ನ ನೆರಳು ಕಂಡ್ರ ಅದ್ರ ಗುಣ ಬದ್ಲಾಗ್ತೈತೆ. ಎರಡನೇದು ಹತ್ತು ಮೀಟರ್ ದೂರದಾಗ ಅಳದಿದ್ದು, ಹೊರಗಿನ ಲ್ಯಾಬಿಂದು. ನಮ್ ಬಯಲು ಮೂರು ಮೀಟರ್. ಮೊದ್ಲು ಅದನ್ನೇ ಹಾಕಿದ್ದೆ, ಆಂಟೆನಾ ನೆಟ್ಟಗೆ ನಿಲ್ಲಿಸಿದಾಗ ಫೇಲ್ ಆಯ್ತು. ಡೈರೆಕ್ಟ್ರು ಎಲ್ರ ಮುಂದ ನನ್ನ ಜಾಡಿಸಿದ್ರು, ಪಟ್ಟಿ ಆರಿಸಾಕ ಬರಂಗಿಲ್ಲೇನು ಅಂತ."

"ಆಮೇಲೆ?"

"ಆಮ್ಯಾಲೆ ಮೂರನೇದು. ನಾನೇ ಇಲ್ಲೇ, ಇದೇ ಮೂರು ಮೀಟರ್ನಾಗ, ಇದೇ ಎತ್ತರದಾಗ ಮೂರು ಆಂಟೆನಾ ಅದಲು ಬದಲು ಮಾಡಿ ಅಳದೆ. ಹದಿನೈದು ದಿನ ಊಟ ಬಿಟ್ಟು ಮಾಡೀನಿ. ಅದನ್ನ ಹಾಕಿದ್ರ ನೋಡ್ರಿ, ಗೀಟು ಹೊಡದಂಗ ಬಂತು. ನೀವೂ ಭಾಳ ಖುಷಿ ಪಟ್ರಲ್ಲ."

ಪಟ್ಟಿದ್ದೆ. ಆ ನೇರ ಗೀಟನ್ನು ನೋಡಿ, "ಎಷ್ಟು ಅಚ್ಚುಕಟ್ಟು" ಎಂದು ಹೇಳಿ ಸಹಿ ಹಾಕಿದ್ದೆ. ಅಂದು ಶೆಡ್ಡಿನ ಮರೆಯಲ್ಲಿ ಕೂತಾಗಲೂ ನನಗೆ ತಪ್ಪು ಹೊಳೆಯಲಿಲ್ಲ. ಅದೇ ದೂರ, ಅದೇ ಎತ್ತರ, ಅದೇ ನೆಲ: ಇದಕ್ಕಿಂತ ಹೊಂದುವ ಪಟ್ಟಿ ಯಾವುದಿದ್ದೀತು ಎಂದುಕೊಂಡೇ ಬಸ್ಸು ಹತ್ತಿದೆ.

ಭಾನುವಾರ, ಏನೂ ಸಿಗಲಿಲ್ಲವೆಂದು ಶಮೀಮ್ ಅವರಿಗೆ ಹೇಳಲು, ಅವರ ತಂದೆಯ ಅಂಗಡಿಗೆ ಹೋದೆ. ಮಾಬೂಸಾಬರು ತಕ್ಕಡಿ ರಿಪೇರಿಯವರು. ಪೇಟೆಯ ಓಣಿಯೊಂದರಲ್ಲಿ ಎರಡು ಮೊಳದ ಅಂಗಡಿ. ಗೋಡೆಯ ತುಂಬ ನೇತುಹಾಕಿದ ತಟ್ಟೆಗಳು. ಮೂಲೆಯ ಪೆಟ್ಟಿಗೆಯಲ್ಲಿ ಕೆಂಪು ಮಕಮಲ್ಲಿನಲ್ಲಿ ಸುತ್ತಿಟ್ಟ ಹಿತ್ತಾಳೆಯ ತೂಕದ ಕಲ್ಲುಗಳು. ಅವನ್ನು ಬರಿಗೈಲಿ ಮುಟ್ಟುವುದಿಲ್ಲ, ಇಕ್ಕಳದಿಂದ ಎತ್ತುತ್ತಾರೆ. ಮಗಳು ಅಷ್ಟರಲ್ಲಿ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದರು, ಹೇಳದೆ ಇರಲಾಗಿರಲಿಲ್ಲ.

"ಕೂಡ್ರಿ ಮೇಡಂ. ಚಾ ಬರ್ತೈತೆ. ನನಗ ನಿಮ್ ಅಲೆಗಿಲೆ ತಿಳಿಯಂಗಿಲ್ಲ. ಒಂದೆರಡು ಮಾತು ಕೇಳ್ತೀನಿ, ಹೇಳ್ತೀರೇನು?"

"ಕೇಳಿ."

"ನನ್ ಬೇಟಿ ಕೆಲ್ಸ ಕೆಟ್ಟೈತೆ ಅಂತ ಯಾರು ಹೇಳಿದ್ರು?"

"ಹರಿಹರದ ಬಯಲು."

"ಆ ಬಯಲು ಸರಿ ಐತೆ ಅಂತ ಯಾರು ಹೇಳಿದ್ರು?"

"ಅಲ್ಲಿಟ್ಟು ನೋಡಿದ ಆಂಟೆನಾ."

"ಆ ಆಂಟೆನಾ ಸರಿ ಐತೆ ಅಂತ ಯಾರು ಹೇಳಿದ್ರು?"

ಚಹಾ ಬಂತು.

"ಬಯಲು," ಎಂದೆ, ಲೋಟ ಕೈಯಲ್ಲಿ ಹಿಡಿದುಕೊಂಡು.

ಮಾಬೂಸಾಬರು ತೊಡೆ ತಟ್ಟಿಕೊಂಡು ನಕ್ಕರು. "ಅರೇ ವ್ಹಾ! ನೋಡ್ರಿ, ನಮ್ಮ ಉಸ್ತಾದ್ರು ನನಗ ಮೊದ್ಲ ದಿನ ಹೇಳಿಕೊಟ್ಟಿದ್ದು ಇದೊಂದೇ. ನಿನ್ ಕಲ್ಲನ್ನ ನಿನ್ ತಕ್ಕಡ್ಯಾಗ ತೂಗಬ್ಯಾಡ. ತಕ್ಕಡಿ ಒಂದು ಕಡೆ ವಾಲಿದ್ರ ಆ ವಾಲಿಕಿ ಕಲ್ಲಿಗೆ ಬರ್ತೈತೆ. ಆಮ್ಯಾಲೆ ಅದೇ ಕಲ್ಲಿಟ್ಟು ತಕ್ಕಡಿ ನೋಡಿದ್ರ ಮುಳ್ಳು ನೆಟ್ಟಗ ನಿಲ್ತೈತೆ. ಎಷ್ಟು ವರ್ಷ ನೋಡಿದ್ರೂ ನೆಟ್ಟಗ. ಗಿರಾಕಿಗಷ್ಟೇ ಸಕ್ಕರಿ ಕಡಿಮಿ."

"ಅಬ್ಬಾ, ಮೇಡಂ ಮಾರಿ ನೋಡು, ಚಾ ಆರಿಹೋಯ್ತು," ಎಂದು ಶಮೀಮ್ ಕಿಸಕ್ಕನೆ ನಕ್ಕರು.

ನಾನು ಕಲಿತ ಶಾಲೆಯಲ್ಲಿ ಪ್ರಾರ್ಥನೆಯ ಬದಲು ಒಂದು ಪ್ರಶ್ನೆ ಕೇಳುವ ರೂಢಿಯಿತ್ತು: ನಿನಗೆ ಹೇಗೆ ಗೊತ್ತು? ಆ ಪ್ರಶ್ನೆಯನ್ನು ಇಡೀ ಬದುಕು ಇತರರ ಮುಂದಿಟ್ಟು ಹೋರಾಡಿದವಳು, ಒಂದು ನೇರವಾದ ಗೀಟಿನ ಮುಂದೆ ಕೇಳಲು ಮರೆತಿದ್ದೆ. ಇದು ಮೂರನೆಯ ಅನ್ಯಾಯ. ಇದಕ್ಕೆ ಹೆಸರು ನನ್ನದು.

ಸೋಮವಾರ ವೀರೇಶರಿಗೆ ತಕ್ಕಡಿಯ ಮಾತನ್ನು ಹೇಳಿದೆ. ಅವರು ಮೂರನೇ ಪಟ್ಟಿಯನ್ನು ತೆಗೆದು ಮತ್ತೊಮ್ಮೆ ಓದಿದರು. ಆಮೇಲೆ, "ಥೂ ನನ್ನ," ಎಂದು ತಲೆ ಚಚ್ಚಿಕೊಂಡರು. "ನೆಲದ ತಪ್ಪೆಲ್ಲ ಪಟ್ಟಿಯೊಳಗ ಸೇರಿಸಿ, ಆ ಪಟ್ಟಿ ಕಳದು, ನೆಲ ಸರಿ ಐತೆ ಅಂದೀನಿ. ಹದಿನೈದು ದಿನ ಊಟ ಬಿಟ್ಟು ಇದನ್ನ ಮಾಡೀನಿ ನೋಡ್ರಿ." ಮುಂದೆ ಏನು ಮಾಡಬೇಕೆಂದು ಹೇಳಿದವರೂ ಅವರೇ. ಆಂಟೆನಾಗಳನ್ನು ಹೊರಗಿನ, ತಾನೇ ಬೇರೆಯವರಿಂದ ಪರೀಕ್ಷೆಗೊಳಗಾದ ಬಯಲಿಗೆ ಕಳಿಸಬೇಕು. ಅಲ್ಲಿ ನಮ್ಮ ಮೂರು ಮೀಟರ್ ದೂರದಲ್ಲಿ, ನಮ್ಮದೇ ಎತ್ತರಗಳಲ್ಲಿ, ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಅಳೆಸಬೇಕು. ಎರಡನೇ ಪಟ್ಟಿ ಸರಿಯಾದ ಜಾಗದ್ದು, ಆದರೆ ತಪ್ಪು ದೂರದ್ದು. ಮೂರನೆಯದು ಸರಿಯಾದ ದೂರದ್ದು, ಆದರೆ ತಪ್ಪು ಜಾಗದ್ದು. ಬೇಕಾದದ್ದು ನಾಲ್ಕನೆಯದು.

ನಿರ್ದೇಶಕರು ಒಪ್ಪಲಿಲ್ಲ.

"ಮೇಡಂ, ನೀವು ಬಳಕೆದಾರರ ಪ್ರತಿನಿಧಿ. ಆಂಟೆನಾ ಫ್ಯಾಕ್ಟರ್ ಪಟ್ಟಿ ನಿಮ್ಮ ಸಬ್ಜೆಕ್ಟ್ ಅಲ್ಲ."

"ಸಹಿ ನನ್ನದು."

"ಪಾಸಾದ ಬಯಲನ್ನ ಮತ್ತೆ ಯಾಕ ಕೆದರ್ತೀರಿ? ಗ್ರಾಫ್ ಎಷ್ಟು ಚೆಂದ ಐತೆ."

"ಅಷ್ಟು ಚೆಂದ ಇರುವುದೇ ದೂರು," ಎಂದೆ. ಅಲ್ಲೇ ಕೂತು, ನನ್ನ ಸಹಿಯನ್ನು ಹಿಂತೆಗೆದುಕೊಳ್ಳುವ ಪತ್ರ ಬರೆದು, ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಕೇಳಿದೆ. ಬಯಲಿನ ವರದಿಯಿಂದ ಒಂದು ಸಹಿ ಹೋದರೆ ಅದರ ಮೇಲೆ ಕೊಟ್ಟ ಪ್ರಮಾಣಪತ್ರಗಳೆಲ್ಲ ಪ್ರಶ್ನೆಗೆ ಗುರಿಯಾಗುತ್ತವೆ. ಅವರು ಮುದ್ರೆ ಒತ್ತಲಿಲ್ಲ. ಬದಲಿಗೆ ವೀರೇಶರನ್ನು ಕರೆದು, "ಮೇಡಮ್ಮೋರ ಸಮಾಧಾನಕ್ಕೆ ಕಳಿಸಿಬಿಡ್ರಿ ಅತ್ಲಾಗೆ," ಎಂದರು. ಹೀಗೆ, ಸತ್ಯವನ್ನು ನನ್ನ ಸಮಾಧಾನದ ಖಾತೆಗೆ ಬರೆದರು. ಅದು ನಾಲ್ಕನೆಯ ಅನ್ಯಾಯ, ಅಂದು ಮಾತ್ರ ನಾನು ಜಗಳವಾಡಲಿಲ್ಲ.

ಆಂಟೆನಾಗಳು ಹಾಸಿಗೆಯ ಹತ್ತಿಯಲ್ಲಿ ಸುತ್ತಿಕೊಂಡು, ಮರದ ಪೆಟ್ಟಿಗೆಯಲ್ಲಿ ಕೂತು ರೈಲು ಹತ್ತಿದವು. ಶ್ರಾವಣ ಪೂರ್ತಿ ಕಾದೆವು. ಶಮೀಮ್ ಅಂಟುಪಟ್ಟಿ ಹಚ್ಚುತ್ತಲೇ ಇದ್ದರು. ಅವರ ಮೇಜಿನ ಮೇಲೆ ಯಾರೋ ಖಾಲಿ ಡಬ್ಬಿಗಳನ್ನು ಪೇರಿಸಿದ್ದರು. ಗಿರಿಜಾ ಪ್ರತಿ ಬೆಳಿಗ್ಗೆ ಅವನ್ನು ಕೆಳಗಿಳಿಸಿ ಮೇಜು ಒರೆಸಿ ಇಡುತ್ತಿದ್ದರಂತೆ. ಸಂಜೆಗೆ ಡಬ್ಬಿಗಳು ಮತ್ತೆ ಏರುತ್ತಿದ್ದವು. ನಾನು ಎರಡು ಬಾರಿ ಹೋಗಿ ಬಂದೆ. ಹೇಳಲು ಹೊಸದೇನೂ ಇರುತ್ತಿರಲಿಲ್ಲ. "ನಿಮ್ ಪೆಟ್ಟಿಗಿ ಇನ್ನೂ ತವರಿಂದ ಬಂದಿಲ್ಲೇನ್ರೀ?" ಎಂದು ಶಮೀಮ್ ಕೇಳಿದರೆ ಉಳಿದ ಹೆಂಗಸರೆಲ್ಲ ನಗುತ್ತಿದ್ದರು.

ಭಾದ್ರಪದದ ಮೊದಲಲ್ಲಿ ಪೆಟ್ಟಿಗೆ ಬಂತು, ನಾಲ್ಕನೇ ಪಟ್ಟಿಯೊಂದಿಗೆ. ಗಾಳಿ ಇಳಿದ ಒಂದು ಬೆಳಿಗ್ಗೆ ಬಯಲಿನ ಮರುಪರೀಕ್ಷೆ ನಡೆಯಿತು. ಆಂಟೆನಾ ಮಲಗಿಸಿದಾಗ ಎಲ್ಲ ಸರಿ. ನಿಲ್ಲಿಸಿದಾಗ, ಒಂದು ಕಂಪನಾಂಕದ ಸುತ್ತ ಗೆರೆ ಎದ್ದು ನಾಲ್ಕು ಡೆಸಿಬೆಲ್ಲಿನ ಗಡಿ ದಾಟಿತು. ಶಮೀಮ್ ಅವರ ಮೂರು ನಕ್ಷೆಗಳಲ್ಲಿದ್ದ ಗೂನು, ಅದೇ ಜಾಗದಲ್ಲಿ, ಈಗ ಯಾವ ಫಲಕವೂ ಇಲ್ಲದೆ ಬರಿ ಬಯಲಿನ ಮೇಲೆ ಎದ್ದು ಕೂತಿತ್ತು. ಅನುತ್ತೀರ್ಣವಾದ ಬಯಲನ್ನು ನೋಡಿ ವೀರೇಶ ಮಗು ಹುಟ್ಟಿದವರ ಹಾಗೆ ನನ್ನ ಕೈ ಕುಲುಕಿದರು.

ಕಾರಣ ಮಧ್ಯಾಹ್ನದೊಳಗೆ ಸಿಕ್ಕಿತು. ತಿರುಗುವ ವೇದಿಕೆಯ ಲೋಹದ ಅಂಚು ಸುತ್ತಲಿನ ತಗಡಿಗೆ ಎಲ್ಲ ಕಡೆಯೂ ತಾಗಿಕೊಂಡಿರಬೇಕು. ಅದಕ್ಕೆಂದೇ ಅಂಚಿನ ಸುತ್ತ ತೆಳುವಾದ ಲೋಹದ ಸ್ಪ್ರಿಂಗುಗಳಿವೆ. ಕೇಂದ್ರದ ಉದ್ಘಾಟನೆಗೆ ಗಣ್ಯರು ಬರುವವರಿದ್ದಾಗ, ಅಂಚಿನ ತುಕ್ಕು ಕಾಣಬಾರದೆಂದು ಅದಕ್ಕೆ ಹಸಿರು ಬಣ್ಣ ಬಳಿಯಲಾಗಿತ್ತು. ಸ್ಪ್ರಿಂಗುಗಳು ಅಂದಿನಿಂದ ಲೋಹವನ್ನು ಮುಟ್ಟದೆ ಬಣ್ಣವನ್ನು ಸವರುತ್ತಿದ್ದವು. ಅರ್ಧದಷ್ಟು ಮುರಿದೂ ಹೋಗಿದ್ದವು. ಯಂತ್ರದಿಂದ ಹೊರಟ ಅಲೆ ತಗಡಿಗೆ ಇಳಿಯುವ ದಾರಿಯಲ್ಲೇ ಒಂದು ಬಿರುಕು ಬಾಯ್ದೆರೆದುಕೊಂಡಿತ್ತು.

"ಬಣ್ಣ ಕೆರೀಬೌದು," ಎಂದರು ವೀರೇಶ. "ಹೊಸ ಸ್ಪ್ರಿಂಗ್ ಕೂಡ್ರಸಾಕ ಮಾತ್ರ ಒಳ್ಳೇ ಬೆಸುಗಿ ಕೈ ಬೇಕು. ತಗಡು ದಪ್ಪ, ಸ್ಪ್ರಿಂಗ್ ತೆಳು. ಒಂದು ಕಾಯೋ ಹೊತ್ತಿಗೆ ಇನ್ನೊಂದು ಸುಟ್ಟಿರ್ತೈತೆ."

ಅವರೇ ನನ್ನ ಮುಖ ನೋಡಿ ಫೋನು ತೆಗೆದರು.

ಶಮೀಮ್ ಮರುದಿನ ಗಿರಿಜಾರನ್ನೂ ಕರೆದುಕೊಂಡು, ತಮ್ಮದೇ ದೊಡ್ಡ ಬೆಸುಗೆ ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ವೇದಿಕೆಯ ಸುತ್ತ ಚಾಪೆ ಸರಿಸುತ್ತಾ, ಒಂದೊಂದೇ ಸ್ಪ್ರಿಂಗ್ ಕೂಡಿಸುತ್ತಾ, ಎರಡು ದಿನ ಸುತ್ತಿದರು. ನಡುವೆ ಬಿಸಿಲಿನಲ್ಲೇ ನಾಲ್ಕು ಹನಿ ಬಿದ್ದವು. ಕಾದ ತಗಡು ಉಸಿರು ಬಿಟ್ಟಿತು. ಗಿರಿಜಾ ಛತ್ರಿ ಹಿಡಿದರು, ಶಮೀಮ್ ಅವರ ತಲೆಗಲ್ಲ, ಕಾದ ಬೆಸುಗೆಗೆ. ಎರಡನೇ ಸಂಜೆ ಶಮೀಮ್ ಬೆರಳ ತುದಿಯಿಂದ ಅಂಚನ್ನು ಒಂದು ಸುತ್ತು ಸವರಿ ಎದ್ದರು.

"ಎಂಜಿನಿಯರ್ ಸಾಹೇಬ್ರೇ, ಇದರಾಗ ಕಳಪೆ ಎಲ್ಲಾದ್ರೂ ಕಂಡ್ರ ರಿಪೋರ್ಟಿನ್ಯಾಗ ಬರೀರಿ ಮತ್ತ."

ವೀರೇಶ ಎರಡೂ ಕಿವಿ ಹಿಡಿದುಕೊಂಡರು. "ತಾಯಿ, ಇನ್ನ ಮ್ಯಾಲೆ ಕಾರಣ ಬರೆಯಂಗಿಲ್ಲ."

ಮೂರನೇ ದಿನ ನಾಲ್ಕನೇ ಪಟ್ಟಿಯೊಂದಿಗೆ ಬಯಲು ಉತ್ತೀರ್ಣವಾಯಿತು. ಗೆರೆ ನೇರವಾಗಿರಲಿಲ್ಲ, ಗಡಿಗಳೊಳಗೆ ಅಲ್ಲಲ್ಲಿ ಏರುತ್ತ ಇಳಿಯುತ್ತ, ಜೀವವಿರುವ ಗೆರೆಯಾಗಿತ್ತು. ಅದಕ್ಕೆ ಸಹಿ ಹಾಕುವ ಮುನ್ನ ಪಟ್ಟಿ ಎಲ್ಲಿಂದ ಬಂತು, ಯಾರು ಅಳೆದರು, ಯಾವ ದೂರ, ಯಾವ ಎತ್ತರ ಎಂದು ಒಂದೊಂದಾಗಿ ಓದಿದೆ. ಮರುವಾರ ವೇಗ ನಿಯಂತ್ರಕದ ಅವೇ ಮೂರು ಫಲಕಗಳನ್ನು ಒಂದು ಬೆಸುಗೆಯನ್ನೂ ಬದಲಿಸದೆ ಪರೀಕ್ಷಿಸಿದರು. ಮೂರೂ ಉತ್ತೀರ್ಣ. ಕೊಟ್ರೇಶಪ್ಪನವರು ಡಬ್ಬಿಗಳನ್ನು ತಾವೇ ಮೇಜಿನಿಂದ ಇಳಿಸಿ, "ಕುಂದರವ್ವ, ತಪ್ಪಾತು," ಎಂದರು. ಅಷ್ಟು ಹೇಳಲು ಅವರಿಗೆ ಮೂರು ದಿನ ಹಿಡಿದಿತ್ತು. ಹೇಳಿದರು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಮಾಬೂಸಾಬರು ಪೇಡೆಯ ಪೊಟ್ಟಣವನ್ನು ತಕ್ಕಡಿಗೆ ಹಾಕಿ ತೂಗಿ, "ಹದಿನೈದು ಗ್ರಾಂ ಕಡಿಮಿ ಕೊಟ್ಟಾನ ಬಡ್ಡಿಮಗ," ಎಂದು ಬೈಯುತ್ತಲೇ ಎಲ್ಲರಿಗೂ ಹಂಚಿದರು.

ನನ್ನ ನೆಮ್ಮದಿ ಇದು, ದೊಡ್ಡದೇ. ಇಂದಿಗೂ ನಾಲ್ಕನೇ ಮೇಜಿನಲ್ಲಿ ಶಮೀಮ್ ಕೂತಿದ್ದಾರೆ. ವೀರೇಶ ಆಂಟೆನಾಗಳನ್ನು ಕಾಲಕಾಲಕ್ಕೆ ಹೊರಗೆ ಕಳಿಸುತ್ತಾರೆ. ಆದರೆ ಕಳೆದ ವಾರ ಹರಿಹರಕ್ಕೆ ಹೋಗಿದ್ದು ಕೇಂದ್ರದ ಹಳೆಯ ಕಡತ ನೋಡಲು. ವೇಗ ನಿಯಂತ್ರಕದ ಮೂರು ವರ್ಷದ ಹಿಂದಿನ ಆ ವರದಿ ಅಲ್ಲೇ ಇದೆ. ಹೊಸ ವರದಿಯನ್ನು ಅದರ ಮೇಲೆ ಪಿನ್ನು ಹಾಕಿ ಸಿಕ್ಕಿಸಿದ್ದಾರೆ. ಕೊನೆಯ ಸಾಲನ್ನು ಯಾರೂ ಹೊಡೆದುಹಾಕಿಲ್ಲ. ಕಳಪೆ ಬೆಸುಗೆ, ನಾಲ್ಕನೇ ಮೇಜು. ಅದೇ ಕೆಟ್ಟ ಬಯಲಿನಲ್ಲಿ ಆ ವರ್ಷ ಅನುತ್ತೀರ್ಣವಾದ ಇತರ ಯಂತ್ರಗಳ ಹಿಂದೆ ಯಾವ ಮೇಜುಗಳಿದ್ದವೋ, ಯಾರನ್ನು ಎಬ್ಬಿಸಿದರೋ, ನನಗೆ ಗೊತ್ತಿಲ್ಲ. ಕೇಂದ್ರದವರೇ, ನಿಮಗೆ ಗೊತ್ತಿರಬೇಕು.

ಕೇಂದ್ರದ ನಿರ್ದೇಶಕರೇ, ಆಡಳಿತ ಮಂಡಳಿಯವರೇ: ಬಯಲಿನ ಪ್ರತಿ ವರದಿಯ ಮೊದಲ ಪುಟದಲ್ಲಿ, ಬಳಸಿದ ಆಂಟೆನಾ ಪಟ್ಟಿ ಯಾವ ಜಾಗದಲ್ಲಿ, ಯಾವ ದೂರ ಮತ್ತು ಎತ್ತರದಲ್ಲಿ, ಯಾರಿಂದ ಅಳೆಯಲ್ಪಟ್ಟಿತೆಂದು ಕನ್ನಡದಲ್ಲಿ ಬರೆದು ಪ್ರಕಟಿಸಿ. ಹಸಿರು ಬಣ್ಣದ ದಿನಗಳಲ್ಲಿ ಪರೀಕ್ಷೆಗೆ ಬಂದಿದ್ದ ಯಂತ್ರಗಳನ್ನೆಲ್ಲ, ಉತ್ತೀರ್ಣವಾದವನ್ನೂ ಸೇರಿಸಿ, ಮರಳಿ ಕರೆದು ಪರೀಕ್ಷಿಸಿ. ಇವೆರಡಕ್ಕಿಂತ ಮೊದಲು, ಈ ದೀಪಾವಳಿಯೊಳಗೆ, ಆ ಕೊನೆಯ ಸಾಲನ್ನು ಹೊಡೆದುಹಾಕಿ, ವಿನೋಬನಗರದ ಶಮೀಮ್ ಬಾನು ಅವರ ಹೆಸರಿಗೆ ಒಂದು ಪತ್ರ ಬರೆಯಿರಿ. ಅದರಲ್ಲಿ ಒಂದೇ ವಾಕ್ಯವಿದ್ದರೆ ಸಾಕು: ನಿಮ್ಮ ಬೆಸುಗೆಯಲ್ಲಿ ದೋಷವಿರಲಿಲ್ಲ, ದೋಷ ನಮ್ಮ ನೆಲದಲ್ಲಿತ್ತು. ಕೆಳಗೆ ಐದು ಸಹಿಗಳಿಗೆ ಜಾಗ ಬಿಡಿ. ನನ್ನದನ್ನು ಹಾಕಲು ನಾನೇ ಹರಿಹರಕ್ಕೆ ಬರುತ್ತೇನೆ.